ಜಪಾನಿನ ಹರಾಜಿನಿಂದ ನ್ಯೂಜಿಲೆಂಡಿನ ಮನೆಗೆ: ಹಳೇ ಕಾರು ತರಿಸುವವರಿಗೆ ಒಂದು ಮಾರ್ಗದರ್ಶಿ

ಆಕ್ಲೆಂಡಿನಲ್ಲಾಗಲಿ ಹ್ಯಾಮಿಲ್ಟನ್ನಿನಲ್ಲಾಗಲಿ ನಮ್ಮವರು ನಾಲ್ಕು ಜನ ಸೇರಿದರೆ, ಮನೆ ಸಾಲದ ಬಡ್ಡಿಯ ಮಾತು ಮುಗಿದ ಮೇಲೆ ಬರುವುದು ಕಾರಿನ ಮಾತೇ. "ಯಾರ್ಡ್‌ನಲ್ಲಿ ತಗೊಂಡ್ರೆ ಜಾಸ್ತಿ ಕೊಡಬೇಕು, ಜಪಾನಿನಿಂದ ನಾವೇ ತರಿಸಿಕೊಂಡ್ರೆ ಎಷ್ಟು ಉಳಿಯತ್ತೆ?" ನೇರವಾಗಿ ಹೇಳಿಬಿಡುತ್ತೇನೆ. ನಿಮಗೆ ಬೇಕಾಗಿರುವುದು ಮಾಮೂಲಿ ಆಕ್ವಾ, ಫಿಟ್ ಅಥವಾ ಡೆಮಿಯೋ ಆದರೆ ಉಳಿಯುವುದು ಕಮ್ಮಿ, ಓಡಾಟ ಜಾಸ್ತಿ. ಯಾರ್ಡ್‌ನವರು, ಅಂದರೆ ಇಲ್ಲಿನ ಹಳೇ ಕಾರಿನ ವ್ಯಾಪಾರಿಗಳು, ಹಡಗಿನ ತುಂಬಾ ತರಿಸುತ್ತಾರೆ, ಅವರಿಗಾಗುವಷ್ಟು ಕಡಿಮೆ ಸಾಗಣೆ ಖರ್ಚಿನಲ್ಲಿ ನಮಗೆ ಆಗುವುದಿಲ್ಲ. ಆದರೆ ಇಂಥದೇ ಮಾಡೆಲ್, ಇಂಥದೇ ಬಣ್ಣ, ಏಳು ಸೀಟು, ಕಡಿಮೆ ಓಡಿರಬೇಕು ಅಂತ ಪಟ್ಟು ಹಿಡಿದು ಕೂತಿದ್ದರೆ, ಅಥವಾ ಇಲ್ಲಿನ ಯಾರ್ಡುಗಳಲ್ಲಿ ಅಪರೂಪಕ್ಕೊಮ್ಮೆ ಕಾಣುವ ಕಾರು ಬೇಕಿದ್ದರೆ, ಆಗ ತರಿಸುವುದಕ್ಕೆ ಅರ್ಥ ಇದೆ.

ಈ ದೇಶಕ್ಕೆ ಜಪಾನಿನ ಹಳೇ ಕಾರು ಇಷ್ಟೊಂದು ಬರುವುದಕ್ಕೆ ಕಾರಣ ಇದೆ. ಎರಡೂ ಕಡೆ ಗಾಡಿ ಓಡುವುದು ರಸ್ತೆಯ ಎಡಗಡೆ, ಸ್ಟಿಯರಿಂಗ್ ಬಲಗಡೆ. 1998ರಲ್ಲಿ ನ್ಯೂಜಿಲೆಂಡ್ ಕಾರಿನ ಮೇಲಿನ ಆಮದು ಸುಂಕ ತೆಗೆದುಹಾಕಿತು. ಅದೇ ವರ್ಷ ಟೊಯೋಟಾ, ಹೋಂಡಾ, ನಿಸ್ಸಾನ್, ಮಿತ್ಸುಬಿಷಿಯವರು ಇಲ್ಲಿದ್ದ ಜೋಡಣೆ ಕಾರ್ಖಾನೆಗಳಿಗೆ ಬೀಗ ಹಾಕಿದರು. ಅತ್ತ ಜಪಾನಿನಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ 'ಶಾಕೆನ್' ಅನ್ನುವ ತಪಾಸಣೆ. ನಮ್ಮೂರಿನ ಎಫ್‌ಸಿ ತರಹದ್ದೇ, ಆದರೆ ಖರ್ಚು ಜಾಸ್ತಿ. ಅದಕ್ಕೆ ದುಡ್ಡು ಸುರಿಯುವ ಬದಲು ಎಷ್ಟೋ ಜನ ಗಟ್ಟಿಮುಟ್ಟಾದ ಕಾರನ್ನೇ ಮಾರಿಬಿಡುತ್ತಾರೆ.

ಮುಂದೆ ಬರೆದಿರುವುದರಲ್ಲಿ ಮುಕ್ಕಾಲು ಪಾಲು ಹರಾಜಿಗೆ ಮೊದಲು ಮಾಡಬೇಕಾದ ಕೆಲಸ. ಹರಾಜಿನಲ್ಲಿ ನಿಮ್ಮ ಹೆಸರಿಗೆ ಕಾರು ಬಿದ್ದ ಮೇಲೆ "ಬೇಡ" ಅನ್ನುವ ಹಾಗಿಲ್ಲ. ಹಡಗು ಹತ್ತಿದ ಮೇಲಂತೂ ಕೇಳಲೇಬೇಡಿ.

ಮೊದಲು ನೋಡಬೇಕಾದ್ದು: ಈ ಕಾರಿಗೆ ಇಲ್ಲಿ ಪ್ರವೇಶ ಇದೆಯಾ?

ಜಪಾನಿನಲ್ಲಿ ಚೆನ್ನಾಗಿ ಓಡುತ್ತಿದ್ದ ಕಾರೆಲ್ಲ ಇಲ್ಲಿ ನೋಂದಣಿ ಆಗುವುದಿಲ್ಲ. ಬಂದರಿಗೆ ಬಂದು ನಿಂತ ಮೇಲೆ ಇದು ಗೊತ್ತಾದರೆ ಆ ಕಾರನ್ನು ಬಿಡಿಭಾಗಕ್ಕೆ ಮಾರಬೇಕು, ಇಲ್ಲವೇ ನಿಮ್ಮ ಖರ್ಚಿನಲ್ಲೇ ವಾಪಸ್ ಕಳಿಸಬೇಕು. ಅದಕ್ಕೇ ವಾಕಾ ಕೊಟಾಹಿ, ಅಂದರೆ ಇಲ್ಲಿನ ಸಾರಿಗೆ ಸಂಸ್ಥೆಯ ನಿಯಮಗಳನ್ನು ಕಾರು ಹುಡುಕುವ ಮೊದಲೇ ಓದಿಕೊಳ್ಳಿ. ಮುಖ್ಯವಾಗಿ ಮೂರು ವಿಷಯ: ಹೊಗೆಯ ಮಟ್ಟ, ಎದುರಿನಿಂದ ಡಿಕ್ಕಿಯಾದರೆ ತಡೆದುಕೊಳ್ಳುವ ಗುಣ, ಇಎಸ್‌ಸಿ.

ಹೊಗೆಯ ವಿಷಯ ಮಾಡೆಲ್ ಕೋಡ್‌ನಲ್ಲೇ ಗೊತ್ತಾಗುತ್ತದೆ. ಆಕ್ವಾ ಕಾರಿಗೆ 'ಡಿಎಎ-ಎನ್‌ಎಚ್‌ಪಿ10' ಅಂತ ಬರೆದಿರುತ್ತಾರೆ. ಅಡ್ಡಗೆರೆಯ ಹಿಂದಿನ ಮೂರು ಅಕ್ಷರ ಜಪಾನಿನ ಯಾವ ಹೊಗೆ ನಿಯಮಕ್ಕೆ ಕಾರು ಪಾಸಾಗಿದೆ ಅಂತ ಹೇಳುತ್ತದೆ. ಡಿಎಎ ಅಂದರೆ ಹೈಬ್ರಿಡ್, ಡಿಬಿಎ ಅಂದರೆ ಅದೇ ಕಾಲದ ಪೆಟ್ರೋಲ್ ಕಾರು. ಹೊಸ ಕಾರುಗಳಲ್ಲಿ 6ಎಎ ತರಹ ಅಂಕಿಯಿಂದ ಶುರುವಾಗುತ್ತದೆ. ಅಡ್ಡಗೆರೆಯ ಮುಂದಿನದು ಕಾರಿನ ಮಾದರಿ. ಏಜೆಂಟರಿಗೆ (ಹರಾಜಿನಲ್ಲಿ ನಿಮ್ಮ ಪರವಾಗಿ ಕೂಗುವವರು) ಫೋನ್ ಮಾಡುವಾಗ "ಆಕ್ವಾ ಬೇಕು" ಅನ್ನುವುದಕ್ಕಿಂತ ಈ ಪೂರ್ತಿ ಕೋಡ್ ಹೇಳಿ "ಇದು ಕಂಪ್ಲಯನ್ಸ್ ಆಗುತ್ತಾ?", ಅಂದರೆ ಇಲ್ಲಿನ ನಿಯಮಗಳಿಗೆ ಪಾಸಾಗುತ್ತಾ, ಅಂತ ಕೇಳಿ. ಆಗ ಮಾತು ತೇಲಿಸುವುದು ಕಷ್ಟ.

ಇಎಸ್‌ಸಿ ಅಂದರೆ ತಿರುವಿನಲ್ಲಿ ಕಾರು ಜಾರದಂತೆ ಹಿಡಿದುಕೊಳ್ಳುವ ವ್ಯವಸ್ಥೆ. 2020ರ ಮಾರ್ಚ್ 1ರಿಂದ ಹೊರಗಿನಿಂದ ಬರುವ ಹಳೇ ಪ್ರಯಾಣಿಕ ಕಾರುಗಳಿಗೆಲ್ಲ ಇದು ಕಡ್ಡಾಯ. 2014ಕ್ಕಿಂತ ಹಿಂದಿನ ಸಣ್ಣ ಕಾರುಗಳಲ್ಲಿ ಇದೆಯೋ ಇಲ್ಲವೋ ಅಂತ ಒಂದೊಂದೇ ಕಾರು ನೋಡಬೇಕು. ಒಂದೇ ವರ್ಷ, ಒಂದೇ ಮಾಡೆಲ್, ಆದರೆ ಕಡಿಮೆ ಬೆಲೆಯ ಆವೃತ್ತಿಯಲ್ಲಿ ಅದನ್ನು ಕೊಟ್ಟಿರುವುದೇ ಇಲ್ಲ. ಹರಾಜಿನ ಫೋಟೋದಲ್ಲಿ ಡ್ಯಾಶ್‌ಬೋರ್ಡ್ ದೊಡ್ಡದು ಮಾಡಿ ನೋಡಿ. ಸ್ಟಿಯರಿಂಗ್ ಪಕ್ಕದ ಬಟನ್‌ಗಳಲ್ಲಿ ಕಾರಿನ ಹಿಂದೆ ಎರಡು ಅಂಕುಡೊಂಕು ಗೆರೆ ಇರುವ ಚಿತ್ರ ಕಂಡರೆ ಇದೆ ಅಂತ ಭರವಸೆ ಇಡಬಹುದು. ಅಷ್ಟಕ್ಕೇ ಬಿಡಬೇಡಿ, ಏಜೆಂಟರಿಂದ ಬರವಣಿಗೆಯಲ್ಲೂ ಹೇಳಿಸಿಕೊಳ್ಳಿ.

20 ವರ್ಷ ದಾಟಿದ ಕಾರುಗಳಿಗೆ ಈ ನಿಯಮಗಳಲ್ಲಿ ರಿಯಾಯಿತಿ ಇದೆ. ಹಳೇ ಸ್ಕೈಲೈನ್ ಹುಚ್ಚಿನವರು ಅದೇ ದಾರಿಯಲ್ಲಿ ತರಿಸುತ್ತಾರೆ. ಅದು ಬೇರೆಯೇ ಲೋಕ, ಇಲ್ಲಿ ಆ ಕಡೆ ಹೋಗುವುದಿಲ್ಲ.

ಇನ್ನೊಂದು 'ಕ್ಲೀನ್ ಕಾರ್ ಸ್ಟ್ಯಾಂಡರ್ಡ್'. ಕಾರು ಎಷ್ಟು ಇಂಗಾಲದ ಹೊಗೆ ಬಿಡುತ್ತದೆ ಅನ್ನುವುದರ ಮೇಲೆ ತರಿಸುವವರಿಗೆ ಶುಲ್ಕ ಬೀಳುತ್ತದೆ, ತೀರಾ ಕಡಿಮೆ ಬಿಡುವ ಕಾರಿಗೆ ಜಮೆ ಸಿಗುತ್ತದೆ. ಇದನ್ನು ಹಳೇ 'ಕ್ಲೀನ್ ಕಾರ್ ಡಿಸ್ಕೌಂಟ್' ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಎಲೆಕ್ಟ್ರಿಕ್ ಕಾರು ಕೊಂಡವರಿಗೆ ಸರ್ಕಾರ ದುಡ್ಡು ಕೊಡುತ್ತಿದ್ದ ಆ ಯೋಜನೆ 2023ರ ಡಿಸೆಂಬರ್ 31ಕ್ಕೆ ಮುಗಿಯಿತು. ಸ್ಟ್ಯಾಂಡರ್ಡ್‌ನ ದರಗಳು ಸರ್ಕಾರದ ಮನಸ್ಸಿನಂತೆ ಬದಲಾಗುತ್ತಿರುತ್ತವೆ. ಹರಾಜಿನ ಹಿಂದಿನ ದಿನ ಸಾರಿಗೆ ಸಂಸ್ಥೆಯ ತಾಣದಲ್ಲಿ ನಿಮ್ಮ ಕಾರಿನ ಮಾಡೆಲ್‌ಗೆ ಎಷ್ಟು ಬೀಳುತ್ತೆ ನೋಡಿ. ಹಳೇ ಎಸ್ಟಿಮಾ, ದೊಡ್ಡ ಎಂಜಿನ್ನಿನ ಜೀಪು ನೋಡುತ್ತಿರುವವರು ಇದನ್ನು ಮೊದಲು ನೋಡಿ. ಲೆಕ್ಕವೇ ತಲೆಕೆಳಗಾಗಬಹುದು.

ಏರ್‌ಬ್ಯಾಗ್ ಕೂಡ ಮರೆಯಬೇಡಿ. ಟಕಾಟಾ ಕಂಪನಿಯ ಏರ್‌ಬ್ಯಾಗುಗಳು ಸಿಡಿದು ಲೋಹದ ಚೂರು ಹಾರಿದ ಗಲಾಟೆ ನೆನಪಿರಬಹುದು. ಅದರಲ್ಲಿ ಅತಿ ಅಪಾಯದ 'ಆಲ್ಫಾ' ಬಗೆಯದನ್ನು ಕಡ್ಡಾಯವಾಗಿ ಬದಲಿಸಬೇಕೆಂದು 2018ರಲ್ಲಿ ಇಲ್ಲಿನ ಸರ್ಕಾರ ಆದೇಶ ಹೊರಡಿಸಿತು. ಹಳೇ ಜಪಾನಿ ಕಾರು ನೋಡುತ್ತಿದ್ದರೆ ಷಾಸಿ ನಂಬರ್ ತಗೊಂಡು ಕಂಪನಿಯ ಜಪಾನಿ ತಾಣದಲ್ಲಿ ರೀಕಾಲ್ ಬಾಕಿ ಇದೆಯಾ ಅಂತ ನೋಡಿಸಿ.

ಏಜೆಂಟ್ ಇಲ್ಲದೆ ಆಗುವುದಿಲ್ಲ

ಜಪಾನಿನ ಹರಾಜುಗಳಲ್ಲಿ ಸದಸ್ಯರಿಗೆ ಮಾತ್ರ ಕೂಗುವ ಅವಕಾಶ, ಅದಕ್ಕೇ ನಿಮ್ಮ ಪರವಾಗಿ ಏಜೆಂಟರು ಕೂಗಬೇಕು. ಎಲ್ಲಕ್ಕಿಂತ ದೊಡ್ಡದು ಯುಎಸ್‌ಎಸ್. ಅದರ ಟೋಕಿಯೋ ಹರಾಜು ನಡೆಯುವುದು ಚಿಬಾ ಪ್ರಾಂತ್ಯದ ನೋಡಾದಲ್ಲಿ, ಪ್ರತಿ ಗುರುವಾರ. ಒಂದೇ ದಿನಕ್ಕೆ ಸಾವಿರಾರು ಕಾರು. ಒಂದೊಂದು ಕಾರಿಗೂ ಸಿಗುವುದು ಕೆಲವೇ ಸೆಕೆಂಡು. ಅಲ್ಲಿ ಕೂತು ಯೋಚನೆ ಮಾಡುವುದಕ್ಕೆ ಟೈಮ್ ಇಲ್ಲ, ಅದಕ್ಕೇ ನಿಮ್ಮ ಕೊನೆಯ ಬೆಲೆಯನ್ನು ಹಿಂದಿನ ದಿನವೇ ಏಜೆಂಟರಿಗೆ ಹೇಳಿರಬೇಕು. ಹೇಳಿದ ಮೇಲೆ "ಇನ್ನೊಂದು ಇಪ್ಪತ್ತು ಸಾವಿರ ಯೆನ್ ಏರಿಸಲಾ?" ಅಂತ ಫೋನ್ ಬಂದರೆ ಬೇಡ ಅನ್ನಿ. ಅಂಥದೇ ಕಾರು ಮುಂದಿನ ವಾರ ಇನ್ನೊಂದು ಬರುತ್ತದೆ.

ಏಜೆಂಟರನ್ನು ಆರಿಸುವಾಗ ಜಪಾನಿನ ಹಳೇ ಕಾರು ರಫ್ತುದಾರರ ಸಂಘ ಜುಮ್ವಿಯಾದಲ್ಲಿ ಸದಸ್ಯತ್ವ ಇದೆಯಾ ನೋಡಿ. ತಾಣ ನೋಡಿ ಮರುಳಾಗಬೇಡಿ. ಚೆಂದದ ಫೋಟೋ, ಮಾರುಕಟ್ಟೆಗಿಂತ ಅರ್ಧ ಬೆಲೆ, ವಾಟ್ಸಾಪಿನಲ್ಲಿ ಮಾತ್ರ ಮಾತು, ದುಡ್ಡು ಹಾಕಬೇಕಾದ ಖಾತೆ ಕಂಪನಿಯ ಹೆಸರಲ್ಲಿಲ್ಲದೆ ಯಾವುದೋ ವ್ಯಕ್ತಿಯ ಹೆಸರಿನಲ್ಲಿ. ಇಷ್ಟರಲ್ಲಿ ಯಾವುದಾದರೂ ಎರಡು ಕಂಡರೆ ಅಲ್ಲಿಗೆ ಬಿಟ್ಟುಬಿಡಿ. ಖಾತೆಯ ಹೆಸರು ಹೊಂದದಿದ್ದರೆ ಅದೊಂದೇ ಸಾಕು.

ಕಮಿಷನ್ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಅದರ ಜೊತೆ ಇನ್ನೆರಡು ಪ್ರಶ್ನೆ ಕೇಳಿ. ಜಪಾನಿನಲ್ಲಿ 10 ಶೇಕಡಾ ಬಳಕೆ ತೆರಿಗೆ ಇದೆ, ರಫ್ತಾಗುವ ಕಾರಿಗೆ ಅದು ರಫ್ತುದಾರರಿಗೆ ವಾಪಸ್ ಸಿಗುತ್ತದೆ. ಕಾರಿನ ಮರುಬಳಕೆಗೆ ಅಂತ ಮಾಲೀಕರು ಕಟ್ಟಿಟ್ಟ ಶುಲ್ಕ ಕೂಡ ರಫ್ತಾದರೆ ವಾಪಸ್ ಬರುತ್ತದೆ. "ಇವು ನನ್ನ ಬಿಲ್ಲಿನಲ್ಲಿ ಕಳೆದಿದ್ದೀರಾ, ಇಲ್ಲ ನೀವೇ ಇಟ್ಟುಕೊಳ್ಳುತ್ತೀರಾ?" ಇಟ್ಟುಕೊಳ್ಳುವುದು ತಪ್ಪೇನಲ್ಲ, ಕಮಿಷನ್ ಕಡಿಮೆ ಇರುವವರು ಅದರಲ್ಲೇ ಜೀವನ ಮಾಡುತ್ತಾರೆ. ಆದರೆ ಇಬ್ಬರು ಏಜೆಂಟರ ದರ ಹೋಲಿಸುವಾಗ ಇದು ಗೊತ್ತಿರಬೇಕು.

ಆಕ್ಷನ್ ಶೀಟ್: ಇಲ್ಲೇ ಟೈಮ್ ಕೊಡಿ

ಪ್ರತಿ ಕಾರಿಗೂ ಹರಾಜಿನವರ ಪರೀಕ್ಷಕ ಕೈಬರಹದಲ್ಲಿ ತುಂಬಿದ ಒಂದು ಹಾಳೆ ಇರುತ್ತದೆ. ಕಾರನ್ನು ನೀವು ಕಣ್ಣಾರೆ ನೋಡುವುದಿಲ್ಲ, ಮುಟ್ಟುವುದಿಲ್ಲ, ಟೆಸ್ಟ್ ಡ್ರೈವ್ ಇಲ್ಲ. ಈ ಹಾಳೆಯೇ ಕಾರಿನ ಜಾತಕ.

ಮೇಲ್ಗಡೆ ಮೂಲೆಯಲ್ಲಿ ದರ್ಜೆ. ಎಸ್, 6, 5 ಅಂದರೆ ಹೆಚ್ಚುಕಮ್ಮಿ ಹೊಸದು. 4.5 ತುಂಬಾ ಚೆನ್ನಾಗಿದೆ, 4 ಚೆನ್ನಾಗಿದೆ, 3.5 ಬಳಸಿದ್ದು ಕಾಣುತ್ತದೆ. ಅಲ್ಲಿಂದ ಕೆಳಗೆ ಬೆಲೆ ಕಡಿಮೆ, ಕೆಲಸ ಜಾಸ್ತಿ. ಆರ್ ಅಥವಾ ಆರ್‌ಎ ಅಂತ ಇದ್ದರೆ ಅಪಘಾತವಾಗಿ ಚೌಕಟ್ಟು ರಿಪೇರಿಯಾದ ಕಾರು. ಪಕ್ಕದಲ್ಲಿ ಒಳಾಂಗಣಕ್ಕೆ ಎ, ಬಿ, ಸಿ, ಡಿ. ಸಿ ಅಂದರೆ ಸಿಗರೇಟು ಸುಟ್ಟ ಗುರುತು, ನಾಯಿ ಕೂದಲು ಇಂಥದ್ದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ವರ್ಷವನ್ನು ಅವರ ಚಕ್ರವರ್ತಿಗಳ ಲೆಕ್ಕದಲ್ಲಿ ಬರೆಯುತ್ತಾರೆ. ಹೈಸೇ ಅಂದರೆ ಆ ಅಂಕಿಗೆ 1988 ಕೂಡಿಸಿ, ರೇವಾ ಅಂದರೆ 2018 ಕೂಡಿಸಿ. ಹೈಸೇ 27 ಅಂದರೆ 2015, ರೇವಾ 2 ಅಂದರೆ 2020. ಈ ವರ್ಷ ಕಾರು ಮೊದಲು ನೋಂದಣಿಯಾದದ್ದು, ತಯಾರಾದದ್ದಲ್ಲ.

ಕೆಳಗೆ ಕಾರನ್ನು ಚಪ್ಪಟೆ ಮಾಡಿ ಹರಡಿದ ಹಾಗೆ ಒಂದು ಚಿತ್ರ, ಅದರ ಮೇಲೆಲ್ಲ ಅಕ್ಷರ ಮತ್ತು ಅಂಕಿ. ಎ ಅಂದರೆ ಗೀರು, ಯು ಅಂದರೆ ಡೆಂಟ್, ಬಿ ಅಂದರೆ ಡೆಂಟೂ ಗೀರೂ ಎರಡೂ, ಪಿ ಅಂದರೆ ಪೇಂಟಿನ ದೋಷ. ಡಬ್ಲ್ಯು ಅಂದರೆ ಹಿಂದೆ ಟಿಂಕರಿಂಗ್ ಮಾಡಿ ಪುಟ್ಟಿ ಹಾಕಿ ಬಣ್ಣ ಹೊಡೆದದ್ದು ಅಲೆಯಂತೆ ಕಾಣುತ್ತಿದೆ ಅಂತ. ಎಕ್ಸ್ ಅಂದರೆ ಆ ಭಾಗ ಬದಲಿಸಬೇಕು, ಎರಡು ಎಕ್ಸ್ ಇದ್ದರೆ ಈಗಾಗಲೇ ಬದಲಿಸಿದ್ದಾರೆ. ಅಂಕಿ 1 ಇದ್ದರೆ ಚಿಕ್ಕದು, 3 ಇದ್ದರೆ ದೊಡ್ಡದು. ಎ1, ಯು1 ಎಂಟು ಹತ್ತು ಕಡೆ ಇದ್ದರೂ ಗಾಬರಿ ಬೇಡ. ಅವರ ಕಣ್ಣು ತುಂಬಾ ಚೂಪು, ನಮ್ಮೂರಿನ ಪಾರ್ಕಿಂಗ್‌ನಲ್ಲಿ ನಾವು ಲೆಕ್ಕಕ್ಕೇ ಇಡದ ಗೀರನ್ನೂ ಬರೆಯುತ್ತಾರೆ.

ಹೆದರಬೇಕಾದ ಅಕ್ಷರ ಬೇರೆ. ಎಸ್ ಅಂದರೆ ತುಕ್ಕು, ಸಿ ಅಂದರೆ ತುಕ್ಕು ತಿಂದು ಹೋಗಿರುವುದು. (ದರ್ಜೆಯ ಎಸ್, ಒಳಾಂಗಣದ ಸಿ ಬೇರೆ, ಚಿತ್ರದ ಮೇಲಿನ ಎಸ್, ಸಿ ಬೇರೆ. ಗೊಂದಲ ಮಾಡಿಕೊಳ್ಳಬೇಡಿ.) ಹೊಕ್ಕೈಡೋ ಕಡೆ ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುತ್ತಾರೆ. ಆ ಉಪ್ಪು ನೀರು ಚಳಿಗಾಲವಿಡೀ ಕಾರಿನ ಅಡಿಗೆ ಚಿಮ್ಮುತ್ತಿರುತ್ತದೆ. ಮೇಲೆ ನೋಡಿದರೆ 4.5 ದರ್ಜೆ, ಫಳಫಳ ಹೊಳೆಯುವ ಬಿಳಿ ಕಾರು, ಅಡಿಯಲ್ಲಿ ಚೌಕಟ್ಟೇ ಪದರ ಪದರವಾಗಿ ಏಳುತ್ತಿರುತ್ತದೆ. ನ್ಯೂಜಿಲೆಂಡಿನ ತಪಾಸಣೆಯವರು ಚೌಕಟ್ಟಿನ ತುಕ್ಕಿನ ವಿಷಯದಲ್ಲಿ ರಾಜಿ ಆಗುವುದೇ ಇಲ್ಲ. ಅದಕ್ಕೆ ಹರಾಜು ಎಲ್ಲಿಯದು, ಕಾರು ಎಲ್ಲಿ ನೋಂದಣಿಯಾಗಿತ್ತು ಅಂತ ಕೇಳಿ, ಅಡಿಭಾಗದ ಫೋಟೋ ತರಿಸಿಕೊಳ್ಳಿ. ಇದಕ್ಕೆ ಏಜೆಂಟರು ಒಂದಿಷ್ಟು ದುಡ್ಡು ತಗೊಳ್ಳಬಹುದು, ಕೊಟ್ಟುಬಿಡಿ.

ಓಡಿದ ಕಿಲೋಮೀಟರಿನ ಪಕ್ಕ ನಕ್ಷತ್ರದ ಗುರುತೋ ಡಾಲರ್ ಗುರುತೋ ಇದ್ದರೆ ಮೀಟರ್ ಬದಲಾಗಿರಬಹುದು ಅಥವಾ ಆ ಅಂಕಿಯನ್ನು ನಂಬುವ ಹಾಗಿಲ್ಲ ಅಂತ. ಕೇಳದೆ ಮುಂದೆ ಹೋಗಬೇಡಿ. ಕೊನೆಯದಾಗಿ, ಹಾಳೆಯ ಒಂದು ಭಾಗದಲ್ಲಿ ಪರೀಕ್ಷಕರು ಜಪಾನಿಯಲ್ಲಿ ನಾಲ್ಕಾರು ಸಾಲು ಗೀಚಿರುತ್ತಾರೆ. ಆ ಸಾಲುಗಳಲ್ಲೇ ವಿಷಯ ಇರುವುದು: ಎಂಜಿನ್ ಆಯಿಲ್ ಸೋರುತ್ತಿದೆ, ಏಸಿ ತಣ್ಣಗಾಗುತ್ತಿಲ್ಲ, ಒಂದು ಕೀಲಿ ಮಾತ್ರ ಇದೆ, ಒಳಗೆ ನೀರು ನುಗ್ಗಿದ ಗುರುತಿದೆ. ಫೋನಿನಲ್ಲಿ ಅನುವಾದ ಮಾಡಿದರೆ ಆ ಕೈಬರಹಕ್ಕೆ ಏನೇನೋ ಬರುತ್ತದೆ. ಏಜೆಂಟರ ಬಳಿ ಪೂರ್ತಿ ಅನುವಾದ ಕೇಳಿ. "ಎಲ್ಲಾ ಓಕೆ ಸಾರ್" ಅನ್ನುವ ಉತ್ತರ ಅನುವಾದ ಅಲ್ಲ.

ನಿಸ್ಸಾನ್ ಲೀಫ್ ಅನ್ನುವ ಎಲೆಕ್ಟ್ರಿಕ್ ಕಾರು ನೋಡುತ್ತಿದ್ದರೆ ಈ ಹಾಳೆಯಷ್ಟೇ ಮುಖ್ಯ ಬ್ಯಾಟರಿಯ ಆರೋಗ್ಯ. ಮೀಟರಿನ ಬಲ ತುದಿಯಲ್ಲಿ 12 ಪುಟ್ಟ ಗೆರೆಗಳಿರುತ್ತವೆ, ಬ್ಯಾಟರಿ ಮುದಿಯಾದಂತೆ ಅವು ಕಮ್ಮಿಯಾಗುತ್ತವೆ. ಕಾರು ಚಾಲೂ ಇಟ್ಟು ತೆಗೆದ ಮೀಟರಿನ ಫೋಟೋ ಇಲ್ಲದೆ ಲೀಫ್ ಕೂಗಬೇಡಿ.

ಲೆಕ್ಕ ಹಾಕುವ ರೀತಿ

ಹರಾಜಿನ ಬೆಲೆ ನೋಡಿ ಖುಷಿಪಡುವವರೇ ಜಾಸ್ತಿ. ಅದರ ಮೇಲೆ ಹರಾಜಿನ ಶುಲ್ಕ, ಏಜೆಂಟರ ಕಮಿಷನ್, ಹರಾಜಿನ ಜಾಗದಿಂದ ಬಂದರಿಗೆ ಸಾಗಣೆ, ನೋಂದಣಿ ರದ್ದು ಮಾಡಿಸುವ ಖರ್ಚು ಸೇರುತ್ತದೆ. ಇಷ್ಟು ಜಪಾನಿನಲ್ಲಿ. ಆಮೇಲೆ ಹಡಗಿನ ಬಾಡಿಗೆ, ವಿಮೆ. ಇಲ್ಲಿ ಇಳಿದ ಮೇಲೆ ಕಸ್ಟಮ್ಸ್ ಶುಲ್ಕ, ಜೈವಿಕ ಸುರಕ್ಷತೆಯ ತಪಾಸಣೆ, ಬಂದರಿನ ಖರ್ಚು, ಕ್ಲೀನ್ ಕಾರ್ ಶುಲ್ಕ, ಕಂಪ್ಲಯನ್ಸ್, ನಂಬರ್ ಪ್ಲೇಟು, ಜೊತೆಗೆ 15 ಶೇಕಡಾ ಜಿಎಸ್‌ಟಿ.

ಜಿಎಸ್‌ಟಿ ಕಾರಿನ ಬೆಲೆಗೆ ಮಾತ್ರ ಅಂದುಕೊಂಡವರು ಬಹಳ ಜನ. ಹಾಗಲ್ಲ, ಹಡಗಿನ ಬಾಡಿಗೆ, ವಿಮೆ ಎಲ್ಲ ಸೇರಿಸಿ ಬರುವ ಮೊತ್ತಕ್ಕೆ. ಕಾರು, ಬಾಡಿಗೆ, ವಿಮೆ ಕೂಡಿ ಹತ್ತು ಸಾವಿರ ಡಾಲರ್ ಆಯಿತು ಅಂತ ಇಟ್ಟುಕೊಳ್ಳಿ, ಜಿಎಸ್‌ಟಿಯೇ ಒಂದೂವರೆ ಸಾವಿರ. ಯೆನ್‌ನಿಂದ ಡಾಲರಿಗೆ ಬದಲಿಸುವ ದರ ಕಸ್ಟಮ್ಸ್‌ನವರು ನಿಗದಿ ಮಾಡಿದ್ದು, ನೀವು ಬ್ಯಾಂಕಿನಲ್ಲಿ ಕೊಟ್ಟ ದರವಲ್ಲ. ಇಷ್ಟೆಲ್ಲ ಬರೆದ ಮೇಲೆ ಬ್ರೇಕ್, ಟೈರ್ ಅಂತ ಇನ್ನೊಂದಿಷ್ಟು ಎತ್ತಿಡಿ. ಆಗ ಬಂದ ಮೊತ್ತವನ್ನು ಅದೇ ತರಹದ ಕಾರಿನ ಯಾರ್ಡ್ ಬೆಲೆಯ ಪಕ್ಕ ಇಟ್ಟು ನೋಡಿ.

ನೋಡುವಾಗ ಇನ್ನೊಂದು ಮಾತು ನೆನಪಿರಲಿ. ಯಾರ್ಡಿನಲ್ಲಿ ತಗೊಂಡ ಕಾರಿಗೆ ಇಲ್ಲಿನ 1993ರ ಗ್ರಾಹಕ ಖಾತರಿ ಕಾಯ್ದೆಯ ಆಸರೆ ಇದೆ. ಗೇರ್‌ಬಾಕ್ಸ್ ಬೇಗ ಕೈಕೊಟ್ಟರೆ ಹೋಗಿ ಕೇಳಬಹುದು, ಒಪ್ಪದಿದ್ದರೆ ವಾಹನ ವ್ಯಾಜ್ಯದ ನ್ಯಾಯಮಂಡಳಿ ಇದೆ. ನೀವೇ ತರಿಸಿದ ಕಾರಿಗೆ ನೀವೇ ಡೀಲರು, ನೀವೇ ಗಿರಾಕಿ. ಯಾರನ್ನು ಕೇಳುತ್ತೀರಿ?

ದುಡ್ಡು, ಕಾಗದ, ಹಡಗು

ಕಾರು ನಿಮ್ಮ ಹೆಸರಿಗೆ ಬಿದ್ದ ಮೇಲೆ ಕೆಲವೇ ದಿನಗಳಲ್ಲಿ ಪೂರ್ತಿ ದುಡ್ಡು ಕೇಳುತ್ತಾರೆ. ಬ್ಯಾಂಕಿನಿಂದ ಯೆನ್‌ನಲ್ಲೇ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಕಸ್ಟಮ್ಸ್‌ಗೆ ಬೆಲೆ ತೋರಿಸಲು ಅದೇ ಆಧಾರ.

ಜಪಾನಿನಿಂದ ನಿಮಗೆ ಬರಬೇಕಾದ ಕಾಗದಗಳಲ್ಲಿ ಪ್ರಾಣ ಇರುವುದು ರಫ್ತು ಪ್ರಮಾಣಪತ್ರದಲ್ಲಿ. ಅಲ್ಲಿನ ನೋಂದಣಿ ರದ್ದಾಗಿದೆ, ಕಾರು ಹೊರದೇಶಕ್ಕೆ ಹೋಗಬಹುದು ಅನ್ನುವ ಸರ್ಕಾರಿ ಕಾಗದ ಅದು. ಅದರ ಮೂಲಪ್ರತಿಯೇ ಬೇಕು, ಜೊತೆಗೆ ಇಂಗ್ಲಿಷ್ ಅನುವಾದ. ಹಿಂದಿನ ಶಾಕೆನ್ ಸಮಯದಲ್ಲಿ ಎಷ್ಟು ಕಿಲೋಮೀಟರ್ ಓಡಿತ್ತು ಅನ್ನುವುದೂ ಅದರಲ್ಲಿರುತ್ತದೆ, ಆಕ್ಷನ್ ಶೀಟಿನ ಅಂಕಿಯ ಜೊತೆ ತಾಳೆ ನೋಡಿ. ಇದಲ್ಲದೆ ಇನ್‌ವಾಯ್ಸ್, ಹಡಗಿನವರು ಕಾರು ಹತ್ತಿಸಿಕೊಂಡದ್ದಕ್ಕೆ ಕೊಡುವ ರಸೀದಿ, ಅಂದರೆ ಬಿಲ್ ಆಫ್ ಲೇಡಿಂಗ್. ಮೂರರಲ್ಲೂ ಷಾಸಿ ನಂಬರ್ ಒಂದೇ ಇದೆಯಾ ಅಂತ ಅಕ್ಷರ ಅಕ್ಷರ ನೋಡಿ. ಸೊನ್ನೆಯ ಜಾಗದಲ್ಲಿ ಓ ಬಿದ್ದಿದ್ದರೂ ಸಾಕು, ಬಂದರಿನಲ್ಲಿ ಕಾರು ನಿಂತಷ್ಟು ದಿನ ಬಾಡಿಗೆ ಏರುತ್ತದೆ.

ಸಾಮಾನ್ಯವಾಗಿ ಕಾರುಗಳು ಬರುವುದು ರೋ-ರೋ ಹಡಗಿನಲ್ಲಿ, ಅಂದರೆ ಕಾರನ್ನು ಓಡಿಸಿಕೊಂಡೇ ಒಳಗೆ ತಂದು ನಿಲ್ಲಿಸುವ ದೊಡ್ಡ ಹಡಗು. ಯೊಕೊಹಾಮಾ, ನಗೋಯಾ, ಕೋಬೆ ಕಡೆಯಿಂದ ಹತ್ತಿ ಆಕ್ಲೆಂಡಿಗೋ ದಕ್ಷಿಣ ದ್ವೀಪದ ಲಿಟಲ್‌ಟನ್ನಿಗೋ ಬರುತ್ತವೆ. ಕಾರಿನಲ್ಲಿ ಸಾಮಾನು ತುಂಬಿ ಕಳಿಸುವ ಯೋಚನೆ ಮಾಡಬೇಡಿ. ಹರಾಜಿನಿಂದ ನಂಬರ್ ಪ್ಲೇಟಿನವರೆಗೆ ಎರಡು ಮೂರು ತಿಂಗಳು ಹಿಡಿಯುತ್ತದೆ ಅಂತ ಇಟ್ಟುಕೊಳ್ಳಿ. ಹಳೇ ಕಾರನ್ನು ಅವಸರದಲ್ಲಿ ಮಾರಿ ಬಸ್ಸಿಗೆ ಕಾಯಬೇಡಿ.

ಹಡಗು ಹತ್ತುವ ಮೊದಲೇ ಜಪಾನಿನಲ್ಲಿ ಜೆವಿಕ್‌ನಂಥ ತಪಾಸಣಾ ಸಂಸ್ಥೆಯವರು ಕಾರಿನ ಹಾನಿ, ತುಕ್ಕು, ಓಡೋಮೀಟರ್ ನೋಡುತ್ತಾರೆ. ಚೌಕಟ್ಟಿಗೆ ಪೆಟ್ಟು ಬಿದ್ದದ್ದು ಕಂಡರೆ ಕಾರಿನ ದಾಖಲೆಗೇ ಒಂದು ಗುರುತು ಬೀಳುತ್ತದೆ. ಆ ಗುರುತು ತೆಗೆಸಬೇಕೆಂದರೆ ಇಲ್ಲಿ ಮಾನ್ಯತೆ ಇರುವ ರಿಪೇರಿ ಸರ್ಟಿಫೈಯರ್ ಬಂದು ನೋಡಿ ಸಹಿ ಹಾಕಬೇಕು. ಆರ್ ದರ್ಜೆಯ ಕಾರು ಅಗ್ಗಕ್ಕೆ ಸಿಕ್ಕಿತು ಅಂದುಕೊಂಡವರ ಉಳಿತಾಯ ಇಲ್ಲೇ ಕರಗುವುದು.

ಇನ್ನೊಂದು ತಪಾಸಣೆ ಹುಳುಗಳಿಗೆ. ನಗಬೇಡಿ. ಕಂದು ಬಣ್ಣದ ಒಂದು ಗಬ್ಬು ತಿಗಣೆ ಕಾರಿನ ಸಂದುಗಳಲ್ಲಿ ಅವಿತು ಬರುತ್ತದೆ. ಇಲ್ಲಿನ ಸೇಬು, ಕಿವಿ ಹಣ್ಣು, ದ್ರಾಕ್ಷಿ ತೋಟಗಳಿಗೆ ಅದು ಸೇರಿದರೆ ಕತೆ ಮುಗಿಯಿತು. 2018ರ ಫೆಬ್ರವರಿಯಲ್ಲಿ ಈ ಹುಳು ಸಿಕ್ಕಿದ್ದಕ್ಕೆ ಜಪಾನಿನಿಂದ ಬಂದ ಕಾರು ಹಡಗುಗಳನ್ನೇ ಇಳಿಸಲು ಬಿಡದೆ ವಾಪಸ್ ಕಳಿಸಿದ್ದರು. ಸೆಪ್ಟೆಂಬರಿನಿಂದ ಏಪ್ರಿಲ್ ಕೊನೆಯವರೆಗೆ ಕಟ್ಟುನಿಟ್ಟು ಜಾಸ್ತಿ, ಕಾರುಗಳಿಗೆ ಕೀಟದ ಚಿಕಿತ್ಸೆಯ ವ್ಯವಸ್ಥೆ ಆಗಿರಲೇಬೇಕು. ಆ ಖರ್ಚು ಬಿಲ್ಲಿನಲ್ಲಿ ಸೇರಿದೆಯಾ ಕೇಳಿ.

ಬಂದರಿಗೆ ಬಂದ ಮೇಲೆ

ಕಸ್ಟಮ್ಸ್‌ನಲ್ಲಿ ನಿಮ್ಮ ಹೆಸರಿಗೆ ಕ್ಲೈಂಟ್ ಕೋಡ್ (ಗುರುತಿನ ಸಂಖ್ಯೆ) ಮಾಡಿಸಿ, ಆಮದು ಅರ್ಜಿ ಸಲ್ಲಿಸಿ, ಜಿಎಸ್‌ಟಿ ಕಟ್ಟಬೇಕು. ಕಸ್ಟಮ್ಸ್ ಬ್ರೋಕರ್ ಇಟ್ಟುಕೊಂಡರೆ ನೆಮ್ಮದಿ. ಒಂದೇ ಕಾರಿಗೆ ಈ ಕೆಲಸ ಕಲಿಯಲು ಕೂರುವುದು ನನಗೇನೋ ಸರಿ ಕಾಣುವುದಿಲ್ಲ.

ಜಪಾನ್, ಬ್ರಿಟನ್, ಸಿಂಗಪುರದಲ್ಲಿದ್ದು ಇಲ್ಲಿಗೆ ಶಾಶ್ವತವಾಗಿ ಬರುತ್ತಿರುವವರಿಗೆ ಒಂದು ಒಳ್ಳೇ ಸುದ್ದಿ ಇದೆ. ಅಲ್ಲಿಂದ ಹೊರಡುವ ಮೊದಲು ಅಥವಾ ಕಾರನ್ನು ಹಡಗಿಗೆ ಒಪ್ಪಿಸುವ ಮೊದಲು ಕನಿಷ್ಠ ಒಂದು ವರ್ಷ ಆ ಕಾರು ನಿಮ್ಮದೇ ಆಗಿದ್ದು ನೀವೇ ಓಡಿಸಿದ್ದರೆ, ಇಲ್ಲಿಗೆ ಬರುವ ಹಿಂದಿನ 21 ತಿಂಗಳು ಪೂರ್ತಿ ನ್ಯೂಜಿಲೆಂಡಿನ ಹೊರಗೆ ವಾಸ ಮಾಡಿದ್ದರೆ, ಜಿಎಸ್‌ಟಿ ಇಲ್ಲದೆ ತರಬಹುದು. ಎರಡು ವರ್ಷ ಮಾರುವುದಿಲ್ಲ ಅಂತ ಮುಚ್ಚಳಿಕೆ ಬರೆದುಕೊಡಬೇಕು. ಹಾಗಂತ ಇಎಸ್‌ಸಿ, ಹೊಗೆ ನಿಯಮಗಳಿಂದ ತಪ್ಪಿಸಿಕೊಂಡಿರಿ ಅಂದುಕೊಳ್ಳಬೇಡಿ. ತೆರಿಗೆಯ ರಿಯಾಯಿತಿ ಬೇರೆ, ಕಾರಿಗೆ ಪ್ರವೇಶ ಬೇರೆ.

ಬಂದರಿನಿಂದ ಕಾರನ್ನು ಓಡಿಸಿಕೊಂಡು ಬರುವ ಹಾಗಿಲ್ಲ, ಅದಕ್ಕಿನ್ನೂ ನಂಬರ್ ಇಲ್ಲ. ಟ್ರಕ್ಕಿನ ಮೇಲೆ ಹಾಕಿಸಿ ವಿಟಿಎನ್‌ಝಡ್ ಅಥವಾ ವಿಐಎನ್‌ಝಡ್ ತರಹದ ಕಂಪ್ಲಯನ್ಸ್ ಕೇಂದ್ರಕ್ಕೆ ಕಳಿಸಬೇಕು. ಅಲ್ಲಿ ಸಾಮಾನ್ಯ ವಾರಂಟ್ (ಇಲ್ಲಿನ ಎಫ್‌ಸಿ) ತಪಾಸಣೆಗಿಂತ ಆಳವಾಗಿ ನೋಡುತ್ತಾರೆ. ಚಕ್ರ ಬಿಚ್ಚಿ ಬ್ರೇಕ್, ಸೀಟ್‌ಬೆಲ್ಟ್ ಪೂರ್ತಿ ಎಳೆದು ಅಂಚು ಹರಿದಿದೆಯಾ ಅಂತ, ಗಾಜಿನ ಬಿರುಕು, ಅಡಿಭಾಗದ ತುಕ್ಕು. ಹಿಮದ ಟೈರ್ ಹಾಕಿಕೊಂಡು ಬಂದ ಕಾರಾದರೆ ನಾಲ್ಕೂ ಚಕ್ರಕ್ಕೆ ಅದೇ ಬಗೆಯದಿರಬೇಕು, ಸವೆದಿರಬಾರದು. ಸುಮ್ನೆ ಬದಲಿಸಿಬಿಡುವುದು ವಾಸಿ. ಜಪಾನಿ ಕಾರುಗಳಿಗೆ ಷಾಸಿ ನಂಬರ್ ಮಾತ್ರ ಇರುತ್ತದೆ, 17 ಅಕ್ಷರಗಳ ವಿನ್ ನಂಬರ್ ಇರುವುದಿಲ್ಲ. ಇಲ್ಲಿ 7ಎ8 ಅಂತ ಶುರುವಾಗುವ ನಂಬರ್ ಕೊಡುತ್ತಾರೆ. ಅದಾದರೆ ನೋಂದಣಿ, ಪ್ಲೇಟು, ವಾರಂಟ್ ಎಲ್ಲ ಒಂದರ ಹಿಂದೆ ಒಂದು. ಷಾಸಿ ನಂಬರಿನ ಫೋಟೋ ಮಾತ್ರ ಫೋನಿನಲ್ಲಿಟ್ಟುಕೊಂಡಿರಿ, ಬಿಡಿಭಾಗ ಕೇಳಲು ಹೋದಾಗ ಅಂಗಡಿಯವರು ಕೇಳುವುದು ಅದನ್ನೇ.

ಓಡಿಸಲು ಶುರು ಮಾಡಿದ ಮೇಲೆ ಕೆಲವು ಸಣ್ಣ ಕಿರಿಕಿರಿ. ಜಪಾನಿನ ಎಫ್‌ಎಂ 76ರಿಂದ ಶುರುವಾಗುತ್ತದೆ, ಹಳೇ ರೇಡಿಯೋಗಳಲ್ಲಿ 90ಕ್ಕೆ ಮುಗಿಯುತ್ತದೆ. ಇಲ್ಲಿನ ಸ್ಟೇಷನ್‌ಗಳೆಲ್ಲ 88ರಿಂದ 108ರ ನಡುವೆ. ಬ್ಯಾಂಡ್ ಎಕ್ಸ್‌ಪ್ಯಾಂಡರ್ ಅನ್ನುವ ಚಿಕ್ಕ ಡಬ್ಬಿ ಹಾಕಿಸಿದರೆ ಕೆಲಸ ನಡೆಯುತ್ತದೆ, ಇಲ್ಲದಿದ್ದರೆ ಸ್ಟೀರಿಯೋ ಬದಲಿಸಿ. ನ್ಯಾವಿಗೇಶನ್ ಪರದೆ ನೀವು ಟೋಕಿಯೋದಲ್ಲೇ ಇದ್ದೀರಿ ಅಂತ ನಂಬಿಕೊಂಡಿರುತ್ತದೆ. ಕೀಲಿ ತಿರುಗಿಸಿದ ಕೂಡಲೇ ಒಬ್ಬಾಕೆ ಬಹಳ ವಿನಯದಿಂದ ಜಪಾನಿಯಲ್ಲಿ ಏನೋ ಹೇಳುತ್ತಾಳೆ. ಟೋಲ್ ಕಟ್ಟುವ ಕಾರ್ಡ್ ಹಾಕಿಲ್ಲ ಅಂತ ನೆನಪಿಸುತ್ತಿದ್ದಾಳೆ, ಅಷ್ಟೇ. ಆ ಯಂತ್ರದ ವೈರ್ ಕೀಳಿಸಿದರೆ ಸುಮ್ಮನಾಗುತ್ತಾಳೆ, ಮನೆ ಮಕ್ಕಳಿಗೆ ಇಷ್ಟವಾದರೆ ಬಿಡಿ.

ಡೀಸೆಲ್ ಕಾರಿಗೆ ರಸ್ತೆ ಬಳಕೆ ಶುಲ್ಕ ಮೊದಲೇ ಕಟ್ಟಬೇಕು. 2024ರ ಏಪ್ರಿಲ್ 1ರಿಂದ ಎಲೆಕ್ಟ್ರಿಕ್ ಕಾರುಗಳಿಗೂ ಬಂತು, ಶುರುವಾದಾಗ ಸಾವಿರ ಕಿಲೋಮೀಟರಿಗೆ 76 ಡಾಲರ್. ಲೀಫ್ ಲೆಕ್ಕದಲ್ಲಿ ಇದನ್ನೂ ಸೇರಿಸಿ.

"ಊರಿಗೆ ವಾಪಸ್ ಹೋಗುವಾಗ ಅದೇ ಕಾರನ್ನು ಬೆಂಗಳೂರಿಗೆ ಒಯ್ಯಬಹುದಾ?" ಅಂತಲೂ ಕೇಳುತ್ತಾರೆ. ಆಸೆ ಬಿಡಿ. ಭಾರತದ ನಿಯಮದ ಪ್ರಕಾರ ಹಳೇ ಕಾರು ತಯಾರಾಗಿ ಮೂರು ವರ್ಷ ದಾಟಿರಬಾರದು, ಇಳಿಸುವುದು ಮುಂಬೈ ಬಂದರಿನಲ್ಲಿ ಮಾತ್ರ, ಮೇಲೆ ಬೀಳುವ ಸುಂಕ ಕಾರಿನ ಬೆಲೆಯನ್ನೇ ಮೀರುತ್ತದೆ. ಇಲ್ಲೇ ಮಾರಿ ಹೋಗಿ.

ಕಾರು ಚೆನ್ನಾಗಿ ಬಂತು ಅಂತ ಗೊತ್ತಾದ ಕೂಡಲೇ ಕನ್ನಡ ಕೂಟದ ಮುಂದಿನ ಯುಗಾದಿ ಊಟದಲ್ಲಿ "ನಮಗೂ ಒಂದು ತರಿಸಿಕೊಡಿ" ಅನ್ನುವವರು ಸಿಕ್ಕೇ ಸಿಗುತ್ತಾರೆ. ಅವರವರ ಹೆಸರಿನಲ್ಲೇ ತರಿಸಿಕೊಳ್ಳಲು ಹೇಳಿ. ಹನ್ನೆರಡು ತಿಂಗಳಲ್ಲಿ ಮೂರಕ್ಕಿಂತ ಹೆಚ್ಚು ಕಾರು ಮಾರಾಟಕ್ಕಾಗಿ ತರಿಸಿದರೆ 2003ರ ವಾಹನ ಮಾರಾಟಗಾರರ ಕಾಯ್ದೆ ನಿಮ್ಮನ್ನು ವ್ಯಾಪಾರಿ ಅಂತಲೇ ಲೆಕ್ಕ ಹಾಕುತ್ತದೆ, ಆಗ ನೋಂದಣಿ ಮಾಡಿಸಿಕೊಳ್ಳಬೇಕು. ಏಜೆಂಟರ ನಂಬರ್ ಕೊಟ್ಟು, ಆಕ್ಷನ್ ಶೀಟ್ ಬಂದಾಗ ಒಂದ್ಸಲ ನನಗೂ ಕಳಿಸಿ ಅನ್ನಿ, ಸಾಕು.